ಸರ್ ಬರೆದ ಇತಿಹಾಸದ ಪೇಪರ್

ಹೋದ ವಾರ ನಮ್ಮ ಕಾಲೇಜಿನಲ್ಲಿ ಕಿರುಪರೀಕ್ಷೆ ಇತ್ತು. ಕೋಣೆಯ ಮೇಲ್ವಿಚಾರಣೆ ನನ್ನದು. ಪ್ರಶ್ನೆಪತ್ರಿಕೆ ಹಂಚಿ ತಿರುಗಿ ನೋಡುತ್ತೇನೆ, ಮೂರನೇ ಸಾಲಿನ ಹುಡುಗಿಯೊಬ್ಬಳು ಪೌಚಿನಿಂದ ಲಿಂಬೆಹಣ್ಣು ತೆಗೆದು, ಉಗುರಿನಿಂದ ಸಿಪ್ಪೆ ಕೆರೆದು ಮೂಗಿಗೆ ಹಿಡಿದುಕೊಂಡಿದ್ದಾಳೆ. ಏನದು ಎಂದು ಕೇಳಿದೆ. "ಹೆದರಿಕಿ ಆದ್ರ ಹೊಟ್ಟಿ ತೊಳಸ್ತೈತ್ರಿ ಮೇಡಂ, ಅದಕ್ಕ ತಂದೇನಿ" ಎಂದಳು. ಉಳಿದವರೆಲ್ಲ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಆ ವಾಸನೆ ಬಡಿದದ್ದೇ ಹೋಗಿ ಕುರ್ಚಿಯ ಮೇಲೆ ಕೂತುಬಿಟ್ಟೆ.

ಅದು ನಮ್ಮ ಸರ್ ವಾಸನೆ. ಅವರ ಮನೆ ಇಂಡಿಯಲ್ಲಿ, ಹಿತ್ತಲಲ್ಲಿ ನಾಲ್ಕು ಲಿಂಬೆ ಗಿಡಗಳಿದ್ದವು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಸಿಂದಗಿಗೆ ಬಂದು ಇದೇ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಬಸ್ ಹತ್ತಿದರೆ ಅವರಿಗೆ ವಾಂತಿ ಬಂದಂತಾಗುತ್ತಿತ್ತು, ಅದಕ್ಕೆ ಅಂಗಿ ಕಿಸೆಯಲ್ಲಿ ಯಾವಾಗಲೂ ಒಂದು ಲಿಂಬೆಹಣ್ಣು. ಹದಿನಾಲ್ಕು ವರ್ಷ ಓಡಾಡಿದ ಮನುಷ್ಯನಿಗೆ ಆ ಬಸ್ಸು ಕೊನೆಗೂ ಒಗ್ಗಲಿಲ್ಲ ನೋಡಿ! ಅವರು ಹಾಜರಿ ಕರೆದು ಕೆಳಗಿಟ್ಟ ಪುಸ್ತಕಕ್ಕೂ ಲಿಂಬೆಯ ವಾಸನೆ ಇರುತ್ತಿತ್ತು.

ನಾನು ಸಿಂದಗಿಯವಳು. ನಮ್ಮ ಅಬ್ಬಾ ಬಜಾರದಲ್ಲಿ ಟೇಲರ್. ಬಿ.ಎ. ಓದುವಾಗ ಮೂರು ವರ್ಷ ಸರ್ ಕೈಯಲ್ಲಿ ಕಲಿತೆ. ಇತಿಹಾಸವನ್ನು ಅವರು ಬಸ್ಸಿನ ಲೆಕ್ಕದಲ್ಲೇ ಹೇಳುತ್ತಿದ್ದರು. ಬಾದಾಮಿ ಚಾಲುಕ್ಯರು ಇಳಿದರು, ರಾಷ್ಟ್ರಕೂಟರು ಹತ್ತಿದರು. ಅವರು ಇಳಿದ ಮೇಲೆ ಅದೇ ಸೀಟಿಗೆ ಕಲ್ಯಾಣದ ಚಾಲುಕ್ಯರು. ನಡುವೆ ಕಳಚೂರಿಗಳು ಹತ್ತಿ, ಸೀಟು ಬೆಚ್ಚಗಾಗುವುದರೊಳಗೆ ಇಳಿದುಹೋದರು. ಯಾರು ಇಳಿದರು, ಯಾರು ಹತ್ತಿದರು, ಯಾರು ಯಾರನ್ನು ತಳ್ಳಿದರು, ಇಷ್ಟು ಗೊತ್ತಾದರೆ ಇಸವಿ ತಾನೇ ಬರುತ್ತದೆ ಎನ್ನುತ್ತಿದ್ದರು. ಬರುತ್ತಿತ್ತು ಕೂಡ. ಇವತ್ತಿಗೂ ನನ್ನ ತಲೆಯಲ್ಲಿ ರಾಜರೆಲ್ಲ ಕಂಬಿ ಹಿಡಿದು ನಿಂತೇ ಇದ್ದಾರೆ.

ಸರ್ ಅತಿಥಿ ಉಪನ್ಯಾಸಕರಾಗಿದ್ದರು. ಹೆಸರು ದೊಡ್ಡದು, ಬಾಳು ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಪಟ್ಟಿಯಲ್ಲಿ ಹೆಸರು ಬಂತೋ ಇಲ್ಲವೋ ಎಂದು ಕಾಯುವುದು. ಇಡೀ ಕಾಲೇಜಿನಲ್ಲಿ ಇತಿಹಾಸಕ್ಕೆ ಒಬ್ಬರಿಗೆ ಆಗುವಷ್ಟು ಪಾಠದ ತಾಸುಗಳಿದ್ದವು. ಹದಿನಾಲ್ಕು ವರ್ಷ ಆ ತಾಸುಗಳು ಅವರವೇ ಆಗಿದ್ದವು. ನಾನು ವಿಜಯಪುರದಲ್ಲಿ ಎಂ.ಎ. ಮುಗಿಸಿ ಬಂದ ವರ್ಷ ಒಂದು ಸುದ್ದಿ ಗಟ್ಟಿಯಾಯಿತು. ಮುಂದಿನ ಪಟ್ಟಿಯಿಂದ ನೆಟ್ ಪಾಸಾದವರಿಗೇ ತಾಸು, ಉಳಿದವರು ಮನೆಗೆ. ನೆಟ್ ಅಂದರೆ ಕಾಲೇಜಿನಲ್ಲಿ ಪಾಠ ಹೇಳಲು ನೀನು ಅರ್ಹ ಎಂದು ದೇಶಕ್ಕೆಲ್ಲ ಒಂದೇ ಆಗಿ ನಡೆಸುವ ಪರೀಕ್ಷೆ. ಸರ್ ಅದನ್ನು ಹಿಂದೆ ಕಾಗದದಲ್ಲಿ ಬರೆಯುವಾಗ ಎರಡು ಸಲ ಬರೆದು, ಸ್ವಲ್ಪದರಲ್ಲಿ ತಪ್ಪಿಹೋಗಿ, ಆಮೇಲೆ ಸಂಸಾರದಲ್ಲಿ ಬಿಟ್ಟುಬಿಟ್ಟಿದ್ದರು.

ನನಗೂ ಅದೇ ಪರೀಕ್ಷೆ ಬೇಕಿತ್ತು. ಅಬ್ಬಾ ಒಂದು ವರ್ಷ ಕೊಟ್ಟಿದ್ದರು. "ಒಂದ ವರ್ಷ ನಿಂದು, ಆಮ್ಯಾಲಿನ ವಿಚಾರ ನಂದು" ಎಂದು ಕತ್ತರಿ ಆಡಿಸುತ್ತಲೇ ಹೇಳಿದ್ದರು. ಸರ್ ಬಳಿ ಹೋಗಿ ಕೇಳಿದೆ. "ಬಾರವ್ವಾ, ಇಬ್ಬರೂ ಕೂಡಿ ಓದೂಣು. ನಿನಗ ಇತಿಹಾಸ ನಾ ಹೇಳ್ತೇನಿ. ಆ ಮೊದಲನೇ ಪೇಪರ್ ಐತಲ್ಲ, ಅದನ್ನ ನೀ ನನಗ ಹೇಳು" ಎಂದರು. ಹೀಗೆ ನಾನು ನನ್ನ ಮಾಸ್ತರಿಗೆ ಮಾಸ್ತರಳಾದೆ.

ಕಾಲೇಜು ಬಿಟ್ಟ ಮೇಲೆ ಅವರ ಬಸ್ಸಿನ ಹೊತ್ತಿನವರೆಗೆ ಖಾಲಿ ಕೋಣೆಯಲ್ಲಿ ಕೂಡುತ್ತಿದ್ದೆವು. ಮೊದಲನೇ ಪೇಪರಿನಲ್ಲಿ ಬೋಧನೆಯ ಬಗ್ಗೆ, ಸಂಶೋಧನೆಯ ಬಗ್ಗೆ, ತರ್ಕದ ಬಗ್ಗೆ ಪ್ರಶ್ನೆಗಳು. ಅದರಲ್ಲಿ ಸರ್ ಸೋಲುತ್ತಿದ್ದುದು ಬೋಧನೆಯ ಪ್ರಶ್ನೆಗಳಲ್ಲೇ! ತರಗತಿಯಲ್ಲಿ ವಿದ್ಯಾರ್ಥಿ ನಿದ್ದೆ ಮಾಡುತ್ತಿದ್ದರೆ ಉತ್ತಮ ಶಿಕ್ಷಕ ಏನು ಮಾಡುತ್ತಾನೆ ಎಂದು ನಾನು ಓದಿದೆ. ಹೊರಗೆ ಕಳಿಸುತ್ತಾನೆ, ಪ್ರಶ್ನೆ ಕೇಳುತ್ತಾನೆ, ಬೋಧನಾ ವಿಧಾನ ಬದಲಿಸುತ್ತಾನೆ, ಪಾಲಕರಿಗೆ ತಿಳಿಸುತ್ತಾನೆ. ನಾಲ್ಕು ಆಯ್ಕೆ.

"ನಸುಕಿನ್ಯಾಗ ಎದ್ದು ಹೊಲಕ್ಕ ನೀರ ಬಿಟ್ಟ ಬಂದಿರ್ತಾನವ್ವಾ ಅಂವ. ಮಲಗ್ಲಿ ಬಿಡು. ಆ ಉತ್ತರ ಯಾಕಿಲ್ಲ ಇದರಾಗ?"

"ಆಯ್ಕಿಯೊಳಗ ಇಲ್ರಿ ಸರ್ ಅದು. ವಿಧಾನ ಬದಲಿಸೋದು ಖರೇ ಉತ್ತರ."

"ಈ ಪ್ರಶ್ನೆ ಬರದಂವ ಒಂದ ದಿನಾನೂ ಕ್ಲಾಸ್ ತಗೊಂಡಿಲ್ಲ, ಬರಕೊಡ್ತೇನಿ ನಿನಗ."

ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆಮೇಲೆ ಅವರೇ ಒಂದು ಉಪಾಯ ಕಂಡುಕೊಂಡರು. ಪ್ರಶ್ನೆಪತ್ರಿಕೆಯಲ್ಲಿ ಒಬ್ಬ ಬೇರೆ ಮಾಸ್ತರ ಇದ್ದಾನೆ, ಇಸ್ತ್ರಿ ಅಂಗಿಯವ, ಅವನ ತರಗತಿಯಲ್ಲಿ ಯಾರಿಗೂ ಹಸಿವಿಲ್ಲ, ಯಾರ ಬಸ್ಸೂ ತಪ್ಪುವುದಿಲ್ಲ. ಅವನು ಏನು ಮಾಡುತ್ತಾನೆ ಎಂದು ಕೇಳಿಕೊಂಡರೆ ಸರಿ ಉತ್ತರ ಸಿಗುತ್ತದೆ. ಎರಡು ತಿಂಗಳಲ್ಲಿ ಆ ಪೇಪರಿನಲ್ಲಿ ಅವರು ನನ್ನ ಸಮಕ್ಕೆ ಬಂದರು. ಇತಿಹಾಸದಲ್ಲಂತೂ ನಾನು ಅವರ ಹತ್ತಿರಕ್ಕೂ ಹೋಗಲಾರೆ.

ಅವರದು ಒಂದು ಪದ್ಧತಿ ಇತ್ತು. ಪ್ರಶ್ನೆಪತ್ರಿಕೆಯನ್ನು ಮೂರು ಸುತ್ತು ಹಾಕಬೇಕು. ಮೊದಲ ಸುತ್ತಿನಲ್ಲಿ ಕಣ್ಣು ಮುಚ್ಚಿ ಬರುವವು, ಎರಡನೆಯದರಲ್ಲಿ ವಿಚಾರ ಮಾಡಿದರೆ ಬರುವವು, ಮೂರನೆಯದರಲ್ಲಿ ಅಲ್ಲಾ, ಈಶ್ವರ ಇಬ್ಬರನ್ನೂ ನೆನೆದು ಗುರುತು ಹಾಕುವವು. ಒಂದರಿಂದ ಕೊನೆಯವರೆಗೆ ಸಾಲಾಗಿ ಹೋಗುವವ ನಡುವೆ ಎಲ್ಲೋ ಸಿಕ್ಕಿಬೀಳುತ್ತಾನೆ ಎನ್ನುತ್ತಿದ್ದರು. ಅವರ ವಿದ್ಯಾರ್ಥಿಗಳೆಲ್ಲ ಹಾಗೇ ಬರೆದವರು, ನಾನೂ ಹಾಗೇ ಬರೆದವಳು.

ಆದರೆ ಈ ಪರೀಕ್ಷೆ ಈಗ ಕಾಗದದ್ದಲ್ಲ, ಕಂಪ್ಯೂಟರಿನದು. ನಾನು ಮೊಬೈಲಿನಲ್ಲಿ, ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಅಂಗಡಿಯಲ್ಲಿ ಕೂತು ಮಾದರಿ ಪರೀಕ್ಷೆ ಮಾಡಿದ್ದೆ. ಉತ್ತರದ ಮೇಲೆ ಒತ್ತಿದರೆ ಸಾಲದು, ಕೆಳಗೆ 'ಸೇವ್' ಎಂಬ ಗುಂಡಿ ಒತ್ತಬೇಕು. ಒತ್ತಿದರೆ ಬದಿಯಲ್ಲಿರುವ ಆ ಪ್ರಶ್ನೆಯ ಅಂಕಿ ಹಸಿರಾಗುತ್ತದೆ, ಅಲ್ಲಿಗೆ ಉತ್ತರ ಸೇರಿತು. ಒತ್ತದೆ ಬೇರೆ ಅಂಕಿಗೆ ಹಾರಿದರೆ ಹಿಂದಿನದು ಕೆಂಪಾಗುತ್ತದೆ. ಕೆಂಪು ಅಂದರೆ ನೋಡಿದ್ದಾನೆ, ಉತ್ತರ ಕೊಟ್ಟಿಲ್ಲ. ಇಷ್ಟೇ ವಿಷಯ. ಒಂದು ಮಾತಿನಲ್ಲಿ ಹೇಳಬಹುದಾಗಿತ್ತು.

ಒಮ್ಮೆ ಕರೆದೆ. "ಸರ್, ಆನ್‌ಲೈನ್ ಅಂಗಡಿಗೆ ಹೋಗಿ ಒಂದ ಸಲ ಕೂತ ನೋಡೂಣ್ರಿ" ಎಂದೆ. ಅವರು ತಲೆ ಅಲ್ಲಾಡಿಸಿದರು. "ಆ ಅಂಗಡಿ ನಡಸಾಂವ ನನ್ನ ವಿದ್ಯಾರ್ಥಿ. ಅವನ ಮುಂದ ಕುಂತು ಮೌಸ್ ಹಿಡಿಯಾಕ ಕಲೀಲೇನು? ಬ್ಯಾಡವ್ವಾ. ಒತ್ತೂದು ಅಷ್ಟ ಅಲ್ಲೇನು, ಒತ್ತಿದ್ರಾತು." ಅವರ ಮುಖ ಕೆಂಪಾಗಿತ್ತು. ಸಿಂದಗಿಯಂಥ ಊರಲ್ಲಿ ಯಾವ ಅಂಗಡಿಗೆ ಹೋದರೂ ಕಲಿಸಿದ ಹುಡುಗನೇ ಕೂತಿರುತ್ತಾನೆ, ಅದು ಮಾಸ್ತರಿಗೆ ಹೆಮ್ಮೆಯೂ ಹೌದು, ಸಂಕಟವೂ ಹೌದು. ಮತ್ತೆ ನಾನು ಎತ್ತಲಿಲ್ಲ. ಮನೆಯಲ್ಲಿ, ಓಣಿಯಲ್ಲಿ ನನಗೆ ಬಾಯಿಬಡಕಿ ಎಂದೇ ಹೆಸರು. ಆ ಬಾಯಿಗೆ ಅಂದು ಯಾವ ರೋಗ ಬಡಿದಿತ್ತೋ, ಸರ್‌ಗೆ ಗುಂಡಿ ಒತ್ತುವುದನ್ನು ಹೇಳಿಕೊಡಲು ನಾಲಿಗೆ ಏಳಲಿಲ್ಲ.

ಪರೀಕ್ಷೆ ಹತ್ತಿರ ಬಂದ ಹಾಗೆ ಇಬ್ಬರಿಗೂ ಅನ್ನ ಸೇರದಾಯಿತು. ನಾನು ಉಗುರು ಕಡಿದು ಕಡಿದು ಬೆರಳ ತುದಿ ಉರಿಯುತ್ತಿತ್ತು. ಸರ್ ಪಾಠದ ನಡುವೆ ಒಮ್ಮೊಮ್ಮೆ ನಿಂತು ಕಿಟಕಿಯ ಹೊರಗೆ ನೋಡುತ್ತಿದ್ದರು. ಒಂದು ದಿನ ಹುಡುಗರೆಲ್ಲ ಹೋದ ಮೇಲೆ ಬೆಂಚುಗಳ ನಡುವೆ ಅಡ್ಡಾಡುತ್ತ, "ಈ ಖೋಲಿ ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲವ್ವಾ" ಎಂದರು. ನಗುತ್ತಲೇ ಹೇಳಿದರು.

ಪರೀಕ್ಷಾ ಕೇಂದ್ರ ಕಲಬುರಗಿಯಲ್ಲಿ ಬಿದ್ದಿತ್ತು. ಹಿಂದಿನ ದಿನವೇ ಹೋಗಿ ನಾನು ಖಾಲಾ, ಅಂದರೆ ಚಿಕ್ಕಮ್ಮನ ಮನೆಯಲ್ಲಿ, ಅವರು ಪರಿಚಯದವರಲ್ಲಿ ಉಳಿದೆವು. ಬೆಳಿಗ್ಗೆ ಸರ್ ಗೇಟಿನ ಹತ್ತಿರ ಸಾಲಿನಲ್ಲಿ ನಿಂತಿದ್ದರು. ಸುತ್ತ ಎಲ್ಲ ಇಪ್ಪತ್ತು ಇಪ್ಪತ್ತೈದರ ಮುಖಗಳು, ನಡುವೆ ಅವರ ಬಿಳಿ ಮೀಸೆ. ಒಬ್ಬಳು ಬಂದು, "ಮಗಳನ್ನ ಬಿಡಾಕ ಬಂದೀರೇನ್ರಿ? ಪಾಲಕರು ಆ ಕಡೆ ನಿಲ್ಲಬೇಕಂತ್ರಿ" ಎಂದಳು. ಸರ್ ಪ್ರವೇಶಪತ್ರ ತೋರಿಸಿದರು. ಅವಳು ನಾಲಿಗೆ ಕಚ್ಚಿಕೊಂಡಳು. ತಪಾಸಣೆಯವರು ಅವರ ಕಿಸೆಯ ಲಿಂಬೆಹಣ್ಣನ್ನೂ ತೆಗೆದು ಹೊರಗಿಡಿಸಿದರು. ಆಗ ನಾನು ಹೇಳಬೇಕಿತ್ತು, ಸರ್, ಸೇವ್ ಒತ್ತೂದು ಮರೀಬ್ಯಾಡ್ರಿ ಎಂದು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಹೆಂಗಸರ ಸಾಲು ಬೇರೆ ಎಂದು ನನ್ನನ್ನು ಆಚೆ ಕಳಿಸಿದರು.

ಮಧ್ಯಾಹ್ನ ಹೊರಗೆ ಬಂದಾಗ ಸರ್ ನನಗಿಂತ ಮೊದಲೇ ಬೇವಿನ ಗಿಡದ ಕೆಳಗೆ ನಿಂತಿದ್ದರು. ಅಂಥ ಮುಖ ಅವರದು ನಾನು ಕಂಡೇ ಇರಲಿಲ್ಲ. ಹತ್ತು ವರ್ಷ ಕಡಿಮೆಯಾದಂತಿತ್ತು. ಸಿಂದಗಿ ಬಸ್ ಹತ್ತಿ ಸೀಟು ಹಿಡಿದದ್ದೇ, "ನೋಟ್‌ಬುಕ್ ತಗೀ. ನನ್ನ ಉತ್ತರ ಹೇಳ್ತೇನಿ, ಬರ್ಕೋ. ಉತ್ತರದ ಕೀ ಬಂದ ಮ್ಯಾಲ ತಾಳಿ ನೋಡೂಣು" ಎಂದರು. ಆಮೇಲೆ ಪ್ರಶ್ನೆ ಹೇಳುವುದು, ತಾವು ಹಾಕಿದ ಉತ್ತರ ಹೇಳುವುದು. ಏನು ನೆನಪು ಆ ಮನುಷ್ಯನದು! ಬಸ್ಸಿನ ಕುಲುಕಾಟದಲ್ಲಿ ನನ್ನ ಅಕ್ಷರ ಸೊಟ್ಟಗಾಗುತ್ತಿತ್ತು, ಅವರ ನೆನಪು ಮಾತ್ರ ನೆಟ್ಟಗಿತ್ತು. ವಾಂತಿಯ ಮಾತೂ ಇಲ್ಲ ಆ ದಿನ.

ಐವತ್ತು ಅರವತ್ತು ಬರೆದಿರಬೇಕು. ಆಗ ಅವರು ಹೇಳಿದರು.

"ಮೊದಲನೇ ಪೇಪರ್ ಸಾಲಾಗಿ ಮಾಡ್ದೆ. ಅಲ್ಲಿ ನಿಂತ ಮೇಡಂ ಬಂದು ಕೆಳಗಿನ ಗುಂಡಿ ತೋರಿಸಿದ್ಲು, ಒತ್ಕೋತ ಹೋದೆ. ಆದ್ರ ಅದು ಸೀದಾ ಮುಂದಿನ ಪ್ರಶ್ನೆಗೇ ಒಯ್ತೈತಿ. ಇತಿಹಾಸಕ್ಕ ನನ್ನ ಮೂರು ಸುತ್ತ ಬೇಕಲ್ಲ? ಅದಕ್ಕ ಆ ಗುಂಡಿ ಬಿಟ್ಟೆ. ಉತ್ತರ ಒತ್ತೂದು, ಬಾಜುಕಿನ ಅಂಕಿ ಒತ್ತಿ ಬೇಕಾದ ಪ್ರಶ್ನೆಗೆ ಹಾರೂದು. ಮುಗಿದದ್ದೆಲ್ಲಾ ಕೆಂಪ ಆಕ್ಕೋತ ಬಂತು ನೋಡು. ಮೊದಲನೇದಕ್ಕ ಹಸಿರ ಇಟ್ಟಾರ, ಇದಕ್ಕ ಕೆಂಪ ಅಂದ್ಕೊಂಡೆ. ಕಡೀಕ ನೂರಕ್ಕ ನೂರೂ ಕೆಂಪ. ತಿದ್ದಿ ಮುಗಿಸಿದ ಪೇಪರ್ ಕಟ್ಟ ನೋಡಿದಂಗ ಆತು."

ಪೆನ್ನು ನಿಂತಿತು. ಹದಿನಾಲ್ಕು ವರ್ಷ ಕೆಂಪು ಪೆನ್ನು ಹಿಡಿದು ಉತ್ತರಪತ್ರಿಕೆ ತಿದ್ದಿದವರು. ಅವರ ಕಣ್ಣಿಗೆ ಕೆಂಪು ಅಂದರೆ ಆಯಿತು, ಮುಗಿಯಿತು, ಕಟ್ಟಿನೊಳಗೆ ಸೇರಿಸು. ಬೇರೆ ಯಾರೇ ಆದರೂ ಆ ಕೆಂಪು ನೋಡಿ ಒಮ್ಮೆ ಬೆಚ್ಚುತ್ತಿದ್ದರು. ಸರ್ ನೆಮ್ಮದಿಯಿಂದ ಕೈಕಟ್ಟಿ ಕೂತಿದ್ದಾರೆ, ಹೊತ್ತು ಮುಗಿದು ಪರದೆ ತಾನೇ ಮುಚ್ಚಿಕೊಂಡಿದೆ.

"ಯಾಕ, ಕೈ ನೋಯಾಕತ್ತೈತೇನು? ಬರಿ ಬರಿ, ಇನ್ನೂ ಭಾಳ ಅದಾವು" ಎಂದರು. ಬರೆದೆ. ಜೇವರ್ಗಿಯಲ್ಲಿ ಬಸ್ ನಿಂತಾಗ ಇಳಿದು ಚಹಾ ಕುಡಿದೆವು. ಮೋರಟಗಿ ದಾಟುವವರೆಗೂ ಬರೆದೆ. ನನ್ನದೇ ತಪ್ಪು ತಿಳುವಳಿಕೆ ಇರಬಹುದು, ಒಳಗೆ ಎಲ್ಲೋ ಉತ್ತರ ಉಳಿದಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಿಂದಗಿಯಲ್ಲಿ ನಾನು ಇಳಿದೆ. ಅವರು ಇಂಡಿ ಬಸ್ಸಿಗೆ ಓಡುತ್ತ ಹೋಗಿ, ಕಿಟಕಿಯಿಂದ ಕೈ ಬೀಸಿದರು.

ಕೆಲವು ದಿನಗಳಾದ ಮೇಲೆ ಸರಿ ಉತ್ತರಗಳ ಜೊತೆಗೆ ಅವರವರು ಬರೆದದ್ದನ್ನೂ ನೋಡಲು ಬಿಟ್ಟರು. ಸರ್ ಅರ್ಜಿ ತುಂಬಿದವಳೇ ನಾನು, ಅವರ ಸಂಖ್ಯೆ ನನ್ನ ಬಳಿ ಇತ್ತು. ಅದೇ ಆನ್‌ಲೈನ್ ಅಂಗಡಿಯಲ್ಲಿ ಕೂತು ತೆರೆದೆ. ಮೊದಲನೇ ಪೇಪರ್ ಚೆನ್ನಾಗಿತ್ತು, ಆ ಇಸ್ತ್ರಿ ಅಂಗಿಯ ಮಾಸ್ತರ ಅವರನ್ನು ಕೈಬಿಟ್ಟಿರಲಿಲ್ಲ. ಇತಿಹಾಸ... ಒಂದರ ಕೆಳಗೆ ಒಂದು, ಉತ್ತರಿಸಿಲ್ಲ, ಉತ್ತರಿಸಿಲ್ಲ, ಉತ್ತರಿಸಿಲ್ಲ. ಪುಟ ಸರಿಸಿದಷ್ಟೂ ಅದೇ. ನೋಟ್‌ಬುಕ್ ತೆಗೆದು ಅವರು ಬಸ್ಸಿನಲ್ಲಿ ಹೇಳಿದ್ದನ್ನು ತಾಳೆ ನೋಡಿದೆ. ಅವರಿಗೆ ನೆನಪಿದ್ದವು ಎಂಬತ್ತರ ಮೇಲೆ, ಅಷ್ಟರಲ್ಲೇ ಇತಿಹಾಸದಲ್ಲಿ ನನ್ನನ್ನು ಹಿಂದೆ ಹಾಕಿದ್ದರು. ಎರಡು ಸಲ ಎಣಿಸಿದೆ. ಅಂಗಡಿಯವ ಬಂದು, "ಸರ್ದು ಏನಾತ್ರಿ ಅಕ್ಕಾ?" ಎಂದು ಕೇಳಿದ. ಕಂಪ್ಯೂಟರ್ ಮುಚ್ಚಿ ಎದ್ದುಬಿಟ್ಟೆ.

ಫಲಿತಾಂಶ ಬಂದ ದಿನ ಸರ್‌ಗೆ ಫೋನ್ ಮಾಡಿದೆ. ನಾನು ಪಾಸಾಗಿದ್ದೆ. ಅವರು ಮೊದಲು ನನ್ನದೇ ಕೇಳಿದರು, ಭಾಳ ಖುಷಿಪಟ್ಟರು, ಫೋನಿನಲ್ಲೇ ಕಾಕೂಗೆ ಕೂಗಿ ಹೇಳಿದರು. ಅವರ ಹೆಂಡತಿಯನ್ನು ನಾನು ಕಾಕೂ ಎನ್ನುತ್ತಿದ್ದೆ. ಆಮೇಲೆ ಕೇಳಿದರು.

"ಮತ್ತ ನಂದು?"

"ಆಗಿಲ್ರಿ ಸರ್."

"ಮೊದಲನೇದರಾಗ ಹೋತೇನು?"

"ಅದು ಚಲೋ ಆಗೈತ್ರಿ. ಇತಿಹಾಸದಾಗ... ಭಾಳ ಹೋಗ್ಯಾವ್ರಿ."

"ಇತಿಹಾಸದಾಗ?" ಎಂದರು. ಹೌದ್ರಿ ಎಂದೆ. ಆಗಲಾದರೂ ಹೇಳಬಹುದಿತ್ತಲ್ಲ! ನಾಲಿಗೆಯ ತುದಿಗೇ ಬಂದಿತ್ತು. ಹೇಳಿದರೆ, ಅದು ನಿನಗೆ ಮೊದಲೇ ಗೊತ್ತಿತ್ತಲ್ಲ, ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದರೆ? ಆ ಹೆದರಿಕೆ ಒಂದು. ಇನ್ನೊಂದೂ ಇತ್ತು. ಅದನ್ನು ಬಹಳ ವರ್ಷ ಯಾರ ಮುಂದೆಯೂ ಆಡಿರಲಿಲ್ಲ, ಇಲ್ಲಿ ಬರೆಯುತ್ತೇನೆ. ಕಾಲೇಜಿನಲ್ಲಿದ್ದವು ಒಬ್ಬರ ತಾಸುಗಳು. ಸರ್ ಪಾಸಾದರೆ ಅವರ ಅನುಭವದ ಮುಂದೆ ನಾನು ಪಟ್ಟಿಯಲ್ಲಿ ಕೆಳಗೆ. ಈ ವಿಚಾರ ನನ್ನ ತಲೆಗೆ ಬಂದಿತ್ತು. ಬಂದದ್ದು ಒಂದೇ ಗಳಿಗೆ, ಆದರೆ ಬಂದಿತ್ತು.

"ಆ ನೋಟ್‌ಬುಕ್ ಕಳಸವ್ವಾ, ಎಲ್ಲಿ ತಪ್ಪೇನಿ ನೋಡ್ತೇನಿ" ಎಂದರು ಸರ್. ಸಿಗುತ್ತಿಲ್ಲ ಎಂದು ಸುಳ್ಳು ಹೇಳಿದೆ.

ಅತಿಥಿ ಉಪನ್ಯಾಸಕರ ಪಟ್ಟಿಗೆ ಅರ್ಜಿ ಹಾಕುವಾಗ ಕಾಲೇಜು ಆರಿಸಿಕೊಳ್ಳಬೇಕಿತ್ತು. ಮುದ್ದೇಬಿಹಾಳದಲ್ಲಿಯೂ ಇತಿಹಾಸಕ್ಕೆ ಜಾಗ ಇತ್ತು. ಸರ್ ಇಲ್ಲದಿದ್ದರೂ ಸರ್ ಕೋಣೆಗೆ ನಾನೇ ಹೋಗಬಾರದು ಎಂದು ಮುದ್ದೇಬಿಹಾಳವನ್ನೇ ಹಾಕಲು ಕೂತಿದ್ದೆ. ಅಬ್ಬಾ, ಊರಲ್ಲಿ ಸಿಗುವುದನ್ನು ಬಿಟ್ಟು ಅಷ್ಟು ದೂರ ದಿನಾ ಯಾರು ಕಳಿಸುತ್ತಾರೆ ಎಂದರು. ನಾನು ಬಹಳ ವಾದ ಮಾಡಲಿಲ್ಲ. ಸಿಂದಗಿ ಸಿಕ್ಕಿತು.

ಮೊದಲ ದಿನ ಹೋದರೆ ಸರ್ ಕಾಲೇಜಿನ ಬಾಗಿಲಲ್ಲಿ ನಿಂತಿದ್ದರು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ. ಇಂಡಿಯಿಂದ ಬಸ್ ಹತ್ತಿ ಬಂದಿದ್ದರು. ನನ್ನನ್ನು ಕೋಣೆಗೆ ಕರೆದುಕೊಂಡು ಹೋಗಿ ಹುಡುಗರ ಮುಂದೆ ನಿಲ್ಲಿಸಿ, "ನನ್ನ ವಿದ್ಯಾರ್ಥಿನಿ ಈಕಿ. ಖರೇ ಇತಿಹಾಸ ಇನ್ನ ಮ್ಯಾಲ ಕಲೀತೀರಿ" ಎಂದರು. ಹುಡುಗರು ಚಪ್ಪಾಳೆ ತಟ್ಟಿದರು. ಆ 'ಖರೇ' ಎಂಬ ಮಾತನ್ನು ಅವರು ಸುಮ್ಮನೆ ಆಡಿದರು ಎಂದುಕೊಂಡೆ ನಾನು.

ಆಮೇಲೆ ಅವರು ಇಂಡಿ ಬಿಟ್ಟರು. ಕಾಕೂ ತವರು ನಿಡಗುಂದಿ. ಅಲ್ಲಿ ಕಾಕೂ ತಮ್ಮನ ಗೊಬ್ಬರದ ಅಂಗಡಿಯಲ್ಲಿ ಸರ್ ಕೂಡುತ್ತಿದ್ದರು ಎಂದು ಕೇಳಿದೆ. ಎರಡು ಸಲ ಫೋನ್ ಮಾಡಿದೆ. "ಆರಾಮ ಅದೇನಿ, ನೀ ಚಲೋ ಕಲಸು" ಎನ್ನುತ್ತಿದ್ದರು, ಅಷ್ಟೇ. ಇತಿಹಾಸದ ಮಾತೆತ್ತಿದರೆ ಮಳೆಯ ಮಾತಿಗೆ ಹೊರಳುತ್ತಿದ್ದರು. ಮೂರನೇ ಸಲ ನಾನು ಮಾಡಲಿಲ್ಲ. ಈದ್ ಆದ ಮೇಲೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ಈದ್ ಬರುವುದು, ಹೋಗುವುದು... ಹಾಗೇ ಐದು ವರ್ಷ ಕಳೆದವು.

ಹೋದ ವರ್ಷ ಒಂದು ಮುಂಜಾನೆ ಕಾಲೇಜಿನ ಗುಮಾಸ್ತರು ಹೇಳಿದರು, ಸರ್ ಹೋದರಂತೆ, ಎದೆನೋವಂತೆ. ಎಲ್ಲಾ ಮುಗಿದು ಎರಡು ದಿನವಾಗಿತ್ತು. ನಾನು ಬಸವನ ಬಾಗೇವಾಡಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ ಹಿಡಿದು ನಿಡಗುಂದಿ ಮುಟ್ಟಿದೆ. ದಾರಿಯುದ್ದಕ್ಕೂ ಆ ನೋಟ್‌ಬುಕ್ ಚೀಲದಲ್ಲಿತ್ತು. ಯಾಕೆ ತೆಗೆದುಕೊಂಡು ಹೋದೆನೋ ನನಗೇ ಗೊತ್ತಿಲ್ಲ.

ಕಾಕೂ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು ಕೈ ಚಾಚಿದರು. ಇಬ್ಬರೂ ಅತ್ತೆವು. ಬಂದವರೆಲ್ಲ ಎದ್ದು ಹೋದ ಮೇಲೆ ಅವರು ತಾವಾಗಿಯೇ ಮಾತು ತೆಗೆದರು.

"ಆ ಪರೀಕ್ಷೆ ಆದ ಮ್ಯಾಲ ಒಂದು ಪುಸ್ತಕ ಮುಟ್ಟಲಿಲ್ಲವ್ವಾ ಅವರು. ಎಲ್ಲಾ ಗಂಟ ಕಟ್ಟಿ ಅಟ್ಟದ ಮ್ಯಾಲ ಒಗದ್ರು. ಹದಿನಾಲ್ಕ ವರ್ಷ ಹುಡುಗ್ರಿಗೆ ತಪ್ಪ ಕಲಿಸೇನಿ, ಮಂದಿ ಮಕ್ಕಳ ಪಾಪ ಕಟ್ಕೊಂಡೇನಿ ಅಂತಿದ್ರು. ರಸ್ತಾದಾಗ ಹಳೇ ವಿದ್ಯಾರ್ಥಿ ಸಿಕ್ರ ತಲಿ ತಗ್ಗಿಸಿ ಹೋಗವ್ರು. ನಾ ಎಷ್ಟ ಹೇಳಿದ್ರೂ ಕೇಳಲಿಲ್ಲ."

ಆ ಕೋಣೆಯಲ್ಲಿ, ಆ 'ಖರೇ ಇತಿಹಾಸ' ಎಂಬ ಮಾತು ಅವರು ಮನಸಾರೆ ಆಡಿದ್ದು ಎಂದು ಆಗ ತಿಳಿಯಿತು. ಕೆಲಸ ಹೋದದ್ದು ಒಂದು ಕಡೆ ಇರಲಿ, ತಮಗೆ ಏನೂ ಬರುವುದಿಲ್ಲ ಎಂದು ನಂಬಿಕೊಂಡು ಐದು ವರ್ಷ ಬದುಕಿದ್ದರು. ಹಾಗೆ ನಂಬಿಸಿದವಳು ನಾನು, ಫೋನಿನಲ್ಲಿ, ಒಂದೇ ಮಾತಿನಲ್ಲಿ.

ಹೇಳಿದೆ. ಗುಂಡಿ, ಹಸಿರು, ಕೆಂಪು, ಬಸ್ಸು, ಎಲ್ಲ ಹೇಳಿದೆ. ತಾಸುಗಳ ವಿಚಾರ ನನ್ನ ತಲೆಗೆ ಬಂದದ್ದನ್ನೂ ಹೇಳಿದೆ. ನೋಟ್‌ಬುಕ್ ತೆರೆದು, ಇದು ಅವರು ಹೇಳಿದ್ದು, ಇದು ಸರಿ ಉತ್ತರ, ನೋಡ್ರಿ ಕಾಕೂ ಎಂದು ತೋರಿಸಿದೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೂ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರ ಅವರಿಗೆ ಬರ್ತಿತ್ತು" ಎಂದರು.

"ಹೌದ್ರಿ. ನನಗಿಂತ ಹೆಚ್ಚ ಬರ್ತಿತ್ರಿ."

ನೋಟ್‌ಬುಕ್ ಮುಚ್ಚಿ ಕೇಳಿದರು. "ಆ ಪರೀಕ್ಷೆ ವರ್ಷಕ್ಕ ಎಷ್ಟ ಸಲ ಇರ್ತೈತವ್ವಾ?"

"ಎರಡ ಸಲ ಇರ್ತೈತ್ರಿ ಕಾಕೂ."

"ವಯಸ್ಸಿಂದು ಏನರ ಅಡ್ಡಿ?"

"ಪಾಠ ಹೇಳೂ ಅರ್ಹತಾಕ್ಕ ವಯಸ್ಸಿನ ಅಡ್ಡಿ ಇಲ್ರಿ. ಎಷ್ಟ ಸಲಾನೂ ಬರೀಬಹುದು."

ಕಾಕೂ ಬಾಗಿಲ ಕಡೆ ನೋಡಿದರು. "ಭಾಳ ಸಲ ಬಂದು ಹೋತಲ್ಲವ್ವಾ ಹಂಗಾದ್ರ" ಎಂದರು. ಅಷ್ಟೇ ಅಂದದ್ದು. ದನಿಯಲ್ಲಿ ಸಿಟ್ಟಿರಲಿಲ್ಲ. ನೋಟ್‌ಬುಕ್ಕನ್ನು ನನಗೆ ತಿರುಗಿ ಕೊಡಲಿಲ್ಲ, ತಮ್ಮ ಸೀರೆಗಳ ನಡುವೆ ಇಟ್ಟುಕೊಂಡರು. ನಾನೂ ಕೇಳಲಿಲ್ಲ.

ಈಗಲೂ ಅದೇ ಕೋಣೆಯಲ್ಲಿ ಪಾಠ ಹೇಳುತ್ತೇನೆ. ಜೂನ್ ಬಂದರೆ ಒಂದು ಸಲ, ಡಿಸೆಂಬರ್ ಬಂದರೆ ಒಂದು ಸಲ, ಎಂ.ಎ. ಮುಗಿಸಿದ ಹಳೆಯ ವಿದ್ಯಾರ್ಥಿಗಳು ನೆಟ್ ಎಂದುಕೊಂಡು ಬರುತ್ತಾರೆ. ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೂಡಿಸಿ ಸೇವ್ ಒತ್ತಿಸುತ್ತೇನೆ. ಮತ್ತೆ ಮತ್ತೆ ಒತ್ತಿಸುತ್ತೇನೆ, ಮೇಡಂಗೆ ಹುಚ್ಚು ಎನ್ನುವವರೆಗೆ. ಈ ವಾರವೂ ಕೂಡಿಸಿದ್ದೆ. ಒಬ್ಬಳು ಬೇಸತ್ತು, "ಒಮ್ಮೆ ಮರತ್ರ ಏನ ಆಕ್ಕೈತ್ರಿ ಮೇಡಂ?" ಎಂದಳು. ಪ್ರತಿ ಸಲ ಯಾರಾದರೂ ಕೇಳುವ ಪ್ರಶ್ನೆಯೇ ಅದು, ಪ್ರತಿ ಸಲ ಮಾರ್ಕ್ಸ್ ಹೋಗುತ್ತವೆ ಎಂದು ಹೇಳಿ ದಾಟಿಸುತ್ತಿದ್ದೆ. ಈ ಸಲ ಎಲ್ಲರನ್ನೂ ಕಂಪ್ಯೂಟರ್ ಬಂದ್ ಮಾಡಲು ಹೇಳಿ, ಇದನ್ನೆಲ್ಲ ಇದ್ದದ್ದು ಇದ್ದಂತೆ ಹೇಳಿದೆ. ಹೇಳಿ ಮುಗಿಸಿದರೆ ಎದೆ ಹಗುರಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಕೇಳಬೇಕಾದವರೊಬ್ಬರು ಆ ಕೋಣೆಯಲ್ಲಿರಲಿಲ್ಲ.